ಗೋಡೆ ಕೊಟ್ಬಿಟ್ರೆ ಆಯ್ತಾ?

2009ರ ಸುಮಾರಿಗೆ ಬೆಂಗಳೂರಲ್ಲಿ ಪಾಲಿಕೆಯವರು ರಸ್ತೆ ಪಕ್ಕದ ಗೋಡೆಗಳಿಗೆಲ್ಲ ಚಿತ್ರ ಬರೆಸೋಕೆ ಶುರು ಮಾಡಿದ್ರಲ್ಲ, ನೆನಪಿದ್ಯಾ? ಹಂಪಿ ಕಲ್ಲಿನ ರಥ, ಮೈಸೂರು ಅರಮನೆ, ಯಕ್ಷಗಾನದ ಮುಖ, ಆನೆ, ಹುಲಿ. ಕಲೆ ಉದ್ಧಾರ ಮಾಡ್ಬೇಕು ಅಂತೇನಲ್ಲ, ಪೋಸ್ಟರ್ ಅಂಟಿಸೋರ ಕಾಟ ತಪ್ಲಿ ಅಂತ. ಆಗ ತಿಳಿದೋರು ಅನ್ನಿಸ್ಕೊಂಡೋರು ತುಂಬಾ ಜನ ಮೂಗು ಮುರಿದ್ರು, ಇದೇನ್ರೀ ಕ್ಯಾಲೆಂಡರ್ ಚಿತ್ರ ಅಂತ. ನಂಗೆ ಮಾತ್ರ ಈ ಊರಲ್ಲಿ ಸರ್ಕಾರಿ ದುಡ್ಡು ಸರಿಯಾದ ಕೈಗೆ ಹೋದ ಅಪರೂಪದ ಕೆಲಸ ಅದು ಅಂತ ಇವತ್ತಿಗೂ ಅನ್ಸುತ್ತೆ.

ಯಾಕಂದ್ರೆ ಆ ಗೋಡೆಗಳನ್ನ ಬರೆದೋರಲ್ಲಿ ಸಿನಿಮಾ ಬ್ಯಾನರ್, ಕಟೌಟ್ ಬರೀತಿದ್ದೋರು ಇದ್ರು. ಕೆ.ಜಿ. ರಸ್ತೆ ಥಿಯೇಟರ್ ಮುಂದೆ ಮೂರು ಮಾಳಿಗೆ ಎತ್ತರಕ್ಕೆ ರಾಜ್‌ಕುಮಾರ್, ವಿಷ್ಣುವರ್ಧನ್ ನಿಲ್ತಿದ್ದ ಕಾಲದಲ್ಲಿ ಇವರಿಗೆ ಕೈತುಂಬಾ ಕೆಲಸ, ಆಮೇಲೆ ಫ್ಲೆಕ್ಸ್ ಬಂತು, ರಾತ್ರಿ ಕೊಟ್ರೆ ಬೆಳಿಗ್ಗೆ ಪ್ರಿಂಟು, ಅಷ್ಟೇ ಕತೆ ಮುಗೀತು. ಆ ಕೆಲಸ ನೋಡಿದೋರಿಗೆ ಗೊತ್ತು. ಅಂಗೈ ಅಗಲದ ಸ್ಟಿಲ್ ಫೋಟೋ ಮೇಲೆ ಪೆನ್ಸಿಲ್‌ನಲ್ಲಿ ಚೌಕ ಹಾಕೋದು, ಅದೇ ಲೆಕ್ಕಕ್ಕೆ ದೊಡ್ಡ ಬಟ್ಟೆ ಮೇಲೂ ಚೌಕ, ಆಮೇಲೆ ಒಂದೊಂದೇ ಚೌಕ ತುಂಬಿಸ್ತಾ ಹೋಗೋದು. ಹತ್ರ ನಿಂತ್ರೆ ಬರೀ ನೀಲಿ ಗುಲಾಬಿ ಪಟ್ಟಿ, ರಸ್ತೆ ದಾಟಿ ಆ ಕಡೆ ಹೋಗಿ ತಿರುಗಿದ್ರೆ ಅಣ್ಣಾವ್ರ ಮೂಗು! ಇಷ್ಟು ದೊಡ್ಡ ಅಳತೆ ಕಣ್ಣಲ್ಲೇ ಹಿಡಿಯೋರಿಗೆ ಊರಿನ ಗೋಡೆ ಕೊಡದೆ ಇನ್ಯಾರಿಗೆ ಕೊಡ್ತೀರ?

ಆದ್ರೆ ಅದು ಅಲ್ಲೇ ನಿಂತ್ಹೋಯ್ತು. ಗೋಡೆ ಕೊಟ್ರು, ಕೂಲಿ ಕೊಟ್ರು, ಮುಂದಿನ ವರ್ಷ ಏನು ಅನ್ನೋದಕ್ಕೆ ಉತ್ತರ ಇಲ್ಲ. ಏನು ಬರೀಬೇಕು ಅಂತ ಆ ಬೀದಿಯೋರನ್ನ ಕೇಳಿದ್ದಂತೂ ನಾನು ಕಾಣೆ. ಬಣ್ಣ ಸುಲಿದ್ರೆ ಮತ್ತೆ ಹಚ್ಚೋಕೆ ದುಡ್ಡು ಇಟ್ಟಿರಲ್ಲ, ಮಳೆಗೆ ಪಾಚಿ ಕಟ್ಟಿ ಹುಲಿ ಹಸಿರಾಗುತ್ತೆ.

ಅಮೆರಿಕದ ಫಿಲಡೆಲ್ಫಿಯಾದಲ್ಲಿ ಇದು ಬೇರೆ ಥರ ನಡೆದಿದೆ. 1984ರಲ್ಲಿ ಅಲ್ಲಿನ ಪಾಲಿಕೆಗೂ ತಲೆನೋವು ಗೋಡೆದೇ, ಹುಡುಗರು ಸ್ಪ್ರೇ ಹಿಡ್ಕೊಂಡು ಗೀಚ್ತಿದ್ರು. ಜೇನ್ ಗೋಲ್ಡನ್ ಅನ್ನೋ ಕಲಾವಿದೆಯನ್ನ ಕೆಲಸಕ್ಕೆ ತಗೊಂಡ್ರು, ಆಕೆ ಗೀಚೋ ಹುಡುಗರನ್ನೇ ಕೂರಿಸ್ಕೊಂಡು ದೊಡ್ಡ ಚಿತ್ರ ಬರೆಸೋಕೆ ಹೊರಟ್ರು. ಇವತ್ತು ಅಲ್ಲಿ 4,000ಕ್ಕೂ ಹೆಚ್ಚು ಮ್ಯೂರಲ್, ಅಂದ್ರೆ ಗೋಡೆ ತುಂಬಾ ಬರೆದ ದೊಡ್ಡ ಚಿತ್ರ, ಆಗಿದೆ. ನಂಗೆ ಸಂಖ್ಯೆಗಿಂತ ಅವರು ಮಾಡೋ ರೀತಿ ಇಷ್ಟ. ಎಷ್ಟೋ ಚಿತ್ರನ ನೇರ ಗೋಡೆ ಮೇಲೆ ಬರೆಯಲ್ಲ, ಪ್ಯಾರಾಶೂಟ್ ಕ್ಲಾತ್ ಅಂತ ಕರೆಯೋ ತೆಳ್ಳನೆ ಬಟ್ಟೆ ತುಂಡುಗಳ ಮೇಲೆ ಗೆರೆ ಹಾಕಿ, ಯಾವ ಜಾಗಕ್ಕೆ ಯಾವ ಬಣ್ಣ ಅಂತ ನಂಬರ್ ಬರೆದು ಸ್ಕೂಲಿಗೆ, ಜೈಲಿಗೆಲ್ಲ ಕೊಡ್ತಾರೆ. ಮಕ್ಕಳು, ಅಜ್ಜಿಯರು, ಕೈದಿಗಳು ಕೂತು ಬಣ್ಣ ತುಂಬ್ತಾರೆ, ಆಮೇಲೆ ತುಂಡುಗಳನ್ನ ತಂದು ಗೋಡೆಗೆ ಅಂಟಿಸೋದು. ಏಣಿ ಹತ್ತೋಕಾಗದ ಅಜ್ಜಿಗೂ ಆ ಗೋಡೆಯಲ್ಲಿ ಒಂದು ಮೂಲೆ ತನ್ನದು. ಅದೇ ಊರಲ್ಲಿ ದೊಡ್ಡ ಕಟ್ಟಡ ಯೋಜನೆಗಳ ಖರ್ಚಲ್ಲಿ ಶೇ 1ರಷ್ಟು ಕಲೆಗೆ ಅಂತ 1959ರಲ್ಲೇ ರೂಲ್ ತಂದಿದ್ರು.

ನಮ್ಮಲ್ಲಿ ಜನ ಇಲ್ಲ ಅಂತೇನಲ್ಲ. 2016ರಲ್ಲಿ ಪೂರ್ಣಿಮಾ ಸುಕುಮಾರ್ ಶುರು ಮಾಡಿದ ಅರವಾನಿ ಆರ್ಟ್ ಪ್ರಾಜೆಕ್ಟ್ ನೋಡಿ, ಟ್ರಾನ್ಸ್‌ಜೆಂಡರ್ ಹೆಂಗಸರೇ ಬ್ರಷ್ ಹಿಡಿದು ಗೋಡೆ ಬರೀತಾರೆ. ಸಿಗ್ನಲ್‌ನಲ್ಲಿ ಗಾಜು ಏರಿಸ್ಕೊಳ್ಳೋ ಜನ ಅಲ್ಲಿ ನಿಂತು ಇದೇನು ಬರೀತಿದ್ದೀರ ಅಂತ ಕೇಳಿದ್ರೆ ಅದೇ ದೊಡ್ಡದು. ಮೆಟ್ರೋದವರು ಸೃಷ್ಟಿ ಅನ್ನೋ ಕಲಾ ಕಾಲೇಜಿನ ಜೊತೆ ಸೇರಿ ಪೀಣ್ಯ, ಕಬ್ಬನ್ ಪಾರ್ಕ್ ಸ್ಟೇಷನ್‌ನಲ್ಲಿ ಮಾಡಿಸಿದ ಕಲಾ ಕೆಲಸನೂ ಚೆನ್ನಾಗಿತ್ತು. ಕಲಾವಿದರು ಚಿತ್ರ ಮಾರೋ ಚಿತ್ರಸಂತೆ ಬಿಡಿ, ಕುಮಾರಕೃಪಾ ರಸ್ತೆಯಲ್ಲಿ ಕಾಲಿಡೋಕೆ ಜಾಗ ಇರಲ್ಲ, ಆದ್ರೆ ಅದು ಜನವರಿಯಲ್ಲಿ ಒಂದು ದಿನದ ಜಾತ್ರೆ.

ಇನ್ನು ಬೀದಿ ಕಲಾವಿದ ಬಾದಲ್ ನಂಜುಂಡಸ್ವಾಮಿ. 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆ ಗುಂಡಿಗೆ ಫೈಬರ್ ಮೊಸಳೆ ಬಿಟ್ರಲ್ಲ, ಅದಕ್ಕೆ ಸುಮಾರು 6,000 ರೂಪಾಯಿ ಸ್ವಂತ ಜೇಬಿಂದ ಹಾಕಿದ್ರು ಅಂತ ಆಗ ಪೇಪರಲ್ಲಿ ಬಂದಿತ್ತು. ಊರೆಲ್ಲ ನಕ್ಕಿತು, ಗುಂಡಿನೂ ಮುಚ್ಚಿದ್ರು. ಆ ಬೀದಿಗೆ ಇದಕ್ಕಿಂತ ಉಪಯೋಗಕ್ಕೆ ಬಂದ ಕಲಾಕೃತಿ ಇನ್ಯಾವುದಿದೆ ಹೇಳಿ, ಅದಕ್ಕೂ ಕಲಾವಿದನೇ ಕೈಯಿಂದ ಖರ್ಚು ಮಾಡ್ಬೇಕಾಯ್ತು. ತನ್ನನ್ನೇ ಗೇಲಿ ಮಾಡೋಕೆ ಪಾಲಿಕೆ ದುಡ್ಡು ಕೊಡುತ್ತಾ ಅಂತ ಕೇಳ್ಬೇಡಿ, ಗೊತ್ತು ಕೊಡಲ್ಲ ಅಂತ :)

ಈಗ ಊರಿನ ಹಳೇ ಪಾಲಿಕೆ ಬಿಬಿಎಂಪಿ ಹೋಗಿ ಜಿಬಿಎ (ಗ್ರೇಟರ್ ಬೆಂಗಳೂರು ಪ್ರಾಧಿಕಾರ) ಬಂದಿದೆ, ಕೆಳಗೆ ಐದು ಪಾಲಿಕೆ. ಐದರಲ್ಲಿ ಒಂದಾದ್ರೂ ಬಜೆಟ್ಟಲ್ಲಿ ಇದಕ್ಕೆ ಒಂದು ಸಾಲು ಇಡ್ಲಿ. ಅದನ್ನ ಕಾಂಟ್ರಾಕ್ಟರ್‌ಗೆ ಚದರಡಿ ಲೆಕ್ಕದ ಟೆಂಡರ್ ಮಾಡದೆ ಕಲಾವಿದರಿಗೇ ನೇರ ಕೊಟ್ರೆ ಒಳ್ಳೇದು, ಮೂಲೆಯಲ್ಲಿ ಅವರ ಹೆಸರು ಬರ್ಕೊಳ್ಳೋಕೆ ಬಿಡ್ಲಿ, ಎರಡು ವರ್ಷಕ್ಕೊಮ್ಮೆ ಟಚಪ್‌ಗೆ ಅಂತ ಸ್ವಲ್ಪ ತೆಗೆದಿಡ್ಲಿ. ಬರೆಯೋಕೆ ಮುಂಚೆ ಎದುರುಗಡೆ ಟೀ ಅಂಗಡಿಯೋನನ್ನೂ ಒಂದ್ಮಾತು ಕೇಳ್ಲಿ, ದಿನಾ ನೋಡೋನು ಅವನೇ ತಾನೆ.