ಡೊಂಬಿವಲಿಯಲ್ಲಿ ಮೊರದ ಬಾಗಿನ

"ನಮ್ಮ ಗೌರಿ ಗಣಪತಿಗಿಂತ ಮೊದಲು ಬರುತ್ತಾಳೆ, ಪಕ್ಕದ ಮನೆ ಕಾಕುವಿನ ಗೌರಿ ಅವನ ಹಿಂದೆ ಬರುತ್ತಾಳೆ. ಇಬ್ಬರೂ ಒಬ್ಬಳೇ ಆದರೆ ನಡುವೆ ಎಲ್ಲಿರುತ್ತಾಳಮ್ಮ?" ಎಂದು, ಪಕ್ಕದ ಮನೆಯ ಮರಾಠಿ ಚಿಕ್ಕಮ್ಮನನ್ನು ಕಾಕು ಎನ್ನುವ ಮಗಳು ಕೇಳಿದಾಗ ನಾನು ಗೆಜ್ಜೆವಸ್ತ್ರ ಮಾಡುತ್ತ ಕುಳಿತಿದ್ದೆ. ತವರಿನಲ್ಲಿ ಎಂದುಬಿಟ್ಟೆ. "ಹಾಗಾದರೆ ನೀನು ಯಾವಾಗ ಹೋಗುತ್ತೀ?" ಎಂಬ ಮರುಪ್ರಶ್ನೆಗೆ ಮಾತ್ರ ಉತ್ತರ ಹೊಳೆಯಲಿಲ್ಲ.

ಮುಂಬಯಿ ಪಕ್ಕದ ಈ ಡೊಂಬಿವಲಿಯ ಮರಾಠಿ ಮನೆಗಳಲ್ಲಿ ಭಾದ್ರಪದದ ತದಿಗೆಯೆಂದರೆ ಹರ್ತಾಲಿಕೆಯ ಉಪವಾಸ. ಗೌರಿಯ ಸಡಗರವೆಲ್ಲ ಚೌತಿ ಕಳೆದ ಮೇಲೆ, ಅನುರಾಧಾ ನಕ್ಷತ್ರದಲ್ಲಿ ಬಂದು, ಜ್ಯೇಷ್ಠಾದಲ್ಲಿ ಪೂಜೆಗೊಂಡು, ಮೂಲಾದಲ್ಲಿ ಹೊರಟುಬಿಡುವ ಅತಿಥಿಗೆ. ಆದ್ದರಿಂದ ನಮ್ಮ ಹಬ್ಬದ ಸಾಮಾನಿಗೆ ಲೋಕಲ್ ಹಿಡಿದು ದಕ್ಷಿಣದವರ ಅಂಗಡಿಗಳಿರುವ ಮಾಟುಂಗಕ್ಕೇ ಹೋಗಬೇಕು. ಬಾಳೆಎಲೆ, ಹೂವು, ವೀಳ್ಯದೆಲೆ ಸಿಕ್ಕಿದವು. ಬಿಚ್ಚೋಲೆ, ಕರಿಮಣಿ ಊರಿನಿಂದ ತಂದದ್ದು ಉಳಿದಿದ್ದವು. ಮೊರ ಮಾತ್ರ ಸಿಗಲಿಲ್ಲ. ಸಿಕ್ಕಿದ್ದು ಹಸಿರು ಪ್ಲಾಸ್ಟಿಕ್ಕಿನದು. ಅದಕ್ಕೆ ಅರಿಶಿನ ಬಳಿದರೆ ನಿಲ್ಲುವುದೂ ಇಲ್ಲ. ಸ್ಟೀಲ್ ತಟ್ಟೆಯಲ್ಲಿ ಕೊಟ್ಟರಾಯಿತು ಎಂದರು ಯಜಮಾನರು. ಗಂಡಸರಿಗೆ ಇದೆಲ್ಲ ಎಷ್ಟು ಸುಲಭ!

ಸಿಂಧುದುರ್ಗದ ಕಡೆಯವರಾದ ಕಾಕುವಿಗೆ ಈ ಸುದ್ದಿಯನ್ನು ಮಗಳೇ ಮುಟ್ಟಿಸಿರಬೇಕು. ಈ ವರ್ಷ ಅವರ ಹೊಸ ಸೊಸೆಯ ಮೊದಲ ಓವಸಾ, ಎಂದರೆ ಗೌರಿಯ ಮುಂದೆ ಮೊರ ಅರ್ಪಿಸುವ ಶಾಸ್ತ್ರ; ಅದಕ್ಕೆಂದು ಹಳ್ಳಿಯಿಂದ ಬಿದಿರಿನ ಸೂಪಗಳನ್ನು, ಅಂದರೆ ಅವರ ಕಡೆಯ ಮೊರಗಳನ್ನು, ತರಿಸಿದ್ದರು. ಅವುಗಳಲ್ಲಿ ಎರಡನ್ನು ರಾತ್ರಿಯೇ ತಂದು ನನ್ನ ಕೈಗಿತ್ತು, ಸೊಸೆಗೆ ಬೇರೆ ತರಿಸುತ್ತೇನೆ ಎಂದು ಮರಾಠಿಯಲ್ಲಿ ಗದರಿಸಿಯೇ ಹೋದರು. ಅವು ನಮ್ಮ ಬಾಗಿನದ ಮೊರಕ್ಕಿಂತ ಅಗಲ, ಹೆಣಿಗೆಯೂ ಒರಟು. ಆದರೆ ಅರಿಶಿನದ ನೀರು ತಾಗಿದೊಡನೆ ಎದ್ದ ಹಸಿಬಿದಿರಿನ ವಾಸನೆ ಮೈಸೂರಿನ ಮೇದರ ಕೇರಿಯದೇ ಆಗಿತ್ತು.

ಬೆಳಗ್ಗೆ ಅಣ್ಣ ಕಳಿಸಿದ 501 ರೂಪಾಯಿ ಫೋನಿಗೆ ಬಂದು ಬಿದ್ದಿತ್ತು. ಕಡುಬು, ಕಲಶ, ಹದಿನಾರು ಗಂಟಿನ ದಾರ ಎಂದು ಓಡಾಡುತ್ತಲೇ ಪೂಜೆ ಮುಗಿಯಿತು. ಕಾಕುವನ್ನು ಮಣೆಯ ಮೇಲೆ ಕೂರಿಸಿ, ಸೆರಗು ಹಿಡಿದು, ಅವರದೇ ಮೊರದಲ್ಲಿ ಬಾಗಿನ ಕೊಟ್ಟೆ. ಅವರ ಸೆರಗು ನನ್ನ ಕೈಗೆ ತಾಗಿದಾಗ ಮನಸ್ಸು ಅಮ್ಮನ ಅಡುಗೆಮನೆಯಲ್ಲಿತ್ತು. ತೊಗರಿಬೇಳೆ, ಕಡಲೆಬೇಳೆ, ಬೆಲ್ಲದಚ್ಚುಗಳನ್ನು ಅಮ್ಮ ಹಿಂದಿನ ದಿನವೇ ಪೊಟ್ಟಣ ಕಟ್ಟುತ್ತಿದ್ದಳು. ನಾನು ಮೊರಕ್ಕೆ ಕಾಡಿಗೆಯ ಬೊಟ್ಟಿಡಬೇಕು, ಬೊಟ್ಟು ಸೊಟ್ಟಗಾದರೆ ಅವಳೇನೂ ಅನ್ನುತ್ತಿರಲಿಲ್ಲ, ಸೆರಗಿನ ತುದಿಯಲ್ಲಿ ಒರೆಸಿ ಮತ್ತೆ ಇಡಿಸುತ್ತಿದ್ದಳು. ಈಗಲೂ ಪ್ರತಿ ವರ್ಷ ನನ್ನ ಪಾಲಿನ ಬಾಗಿನವನ್ನು ಎತ್ತಿಡುತ್ತಾಳೆ. ಹಣ್ಣುಕಾಯಿ ಬೇರೆಯವರಿಗೆ ಹೋಗುತ್ತದೆ, ಬೇಳೆ ಸಾರಿಗೆ ಸೇರುತ್ತದೆ, ರವಿಕೆ ಕಣ ಮತ್ತು ಕಪ್ಪುಬಳೆ ಬೀರುವಿನಲ್ಲಿ ಉಳಿಯುತ್ತವೆ. ಶಾಲೆಯ ಪರೀಕ್ಷೆ, ಸಿಗದ ರೈಲು ಟಿಕೆಟು ಎಂದು ನಾನು ಹೇಳುವ ಕಾರಣಗಳೆಲ್ಲ ನಿಜವಾದವುಗಳೇ. ಆದರೂ ಹೇಳುವಾಗ ನನ್ನ ದನಿ ತುಸು ಜೋರಾಗುತ್ತದೆ.

ಸಂಜೆ ಫೋನಿನಲ್ಲಿ ಅಮ್ಮ ಮೊರದ ಕತೆಯನ್ನು ಎರಡು ಸಲ ಹೇಳಿಸಿಕೊಂಡಳು. ಆ ಕಾಕುವಿಗೆ ಒಂದು ರವಿಕೆ ಕಣ ಹೆಚ್ಚಿಗೆ ಇಡಬೇಕಿತ್ತು ಎಂದಳು. ಆಮೇಲೆ, "ನಿನ್ನದನ್ನೂ ಎತ್ತಿಟ್ಟಿದ್ದೀನಿ ಕಣೆ. ಬಳೆ ಎರಡು-ನಾಲ್ಕರದ್ದೇ ತೊಗೊಂಡೆ, ಸರಿ ತಾನೆ?" ಎಂದು ಕೇಳಿದಳು. ಈಗ ನನ್ನ ಕೈಗೆ ಎರಡು-ಎಂಟರ ಬಳೆ ಬೇಕು. ಸರಿ ಎಂದೆ.