ಬಿದಿಗೆ ಚಂದ್ರ, ಅಲ್ಲಾಡಿದ ಫೋಟೊ

ಯುಗಾದಿ ಬೆಳಗ್ಗೆ ನಮ್ಮನೆಯವರ ಬಾಯಿಗೆ ಬೇವು-ಬೆಲ್ಲ ಇಡುವ ಹೊತ್ತಿಗೆ ಸರಿಯಾಗಿ ಟಿ.ವಿ.ಯಲ್ಲಿ ಪುರೋಹಿತರು ‘ಶತಾಯುರ್ವಜ್ರದೇಹಾಯ’ ಅಂದರು. ನೂರು ವರ್ಷ ಆಯಸ್ಸು, ವಜ್ರದಂಥ ಮೈ ಸಿಗಲಿ ಅಂತ. ಇವರು ತೊಡೆಯ ಮೇಲೆ ಬಿದ್ದಿದ್ದ ತಮ್ಮ ಬಲಗೈ ನೋಡಿಕೊಂಡು ನಕ್ಕರು. ಲಕ್ವ ಹೊಡೆದು ಆ ಹಬ್ಬಕ್ಕೆ ಒಂದು ವರ್ಷ. ನಗು ಈಗ ಬಾಯಿಯ ಎಡಗಡೆ ಮಾತ್ರ ಬರುತ್ತದೆ.

ನಾವಿರುವುದು ಹೆಸರಘಟ್ಟದ ಕಡೆ ಒಂದು ಹಳ್ಳಿಯಲ್ಲಿ. ಅರ್ಕಾವತಿಗೆ ಅಡ್ಡ ಕಟ್ಟಿದ ಇಲ್ಲಿನ ಕೆರೆಯಿಂದ 1894ರಲ್ಲಿ ಬೆಂಗಳೂರಿಗೆ ಕೊಳವೆ ನೀರು ಹೋಯಿತು. ಈಗ ಬೆಂಗಳೂರೇ ಇತ್ತ ಹರಿದು ಬರುತ್ತಿದೆ. ಆದರೂ ಚೈತ್ರ ಬಂದರೆ ಹಳ್ಳಿ ಹಳ್ಳಿಯೇ. ಬೇವು ಹೂ ಬಿಟ್ಟು ಸಂಜೆಗೆ ಬೀದಿಯೆಲ್ಲ ಘಮ್ಮನ್ನುತ್ತದೆ. ಹೊಂಗೆ ಹೂ ಉದುರಿ ಅಂಗಳದಲ್ಲಿ ಅರಳು ಚೆಲ್ಲಿದ ಹಾಗೆ. ಫೋಟೊ ತೆಗೆಯುವವರಿಗೆ ಹುಚ್ಚು ಹಿಡಿಯಲು ಇಷ್ಟು ಸಾಕು. ನನಗೆ ಹಿಡಿದದ್ದು ನಲವತ್ತೆಂಟನೇ ವಯಸ್ಸಿನಲ್ಲಿ, ಮಗ ತನ್ನ ಹಳೇ ಕ್ಯಾಮೆರಾ ಮನೆಯಲ್ಲಿ ಬಿಟ್ಟು ಹೋದ ಮೇಲೆ.

ಹೋದ ಯುಗಾದಿಗೆ ಹೊನ್ನಾರು ನೋಡಲು ಹೋಗಿದ್ದೆ. ವರ್ಷದ ಮೊದಲ ಉಳುಮೆ ಅದು. ಎತ್ತಿರುವ ಮನೆ ನಮ್ಮೂರಲ್ಲಿ ಈಗ ಎರಡೇ. ಉಳಿದವರು ಟ್ರ್ಯಾಕ್ಟರಿಗೇ ಹೂ ಹಾಕಿ, ಕುಂಕುಮ ಇಟ್ಟು ಒಂದು ಸುತ್ತು ಹೊಡೆಯುತ್ತಾರೆ. ಎತ್ತಿನ ಹಿಂದೆ ಎದ್ದ ದೂಳಿಗೆ ಎಳೆ ಬಿಸಿಲು ಬಿದ್ದಿತ್ತು. ಇನ್ನೊಂದು ಸಾಲು, ಇನ್ನೊಂದೇ ಸಾಲು ಅಂತ ನಿಂತೆ. ಮನೆಗೆ ಬಂದರೆ ಇವರು ಬಚ್ಚಲು ಬಾಗಿಲಲ್ಲಿ ಬಿದ್ದಿದ್ದರು.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ್ದು ಒಂದೇ: ‘ಕೊನೇಸಲ ಇವರು ಚೆನ್ನಾಗಿದ್ದದ್ದನ್ನ ನೀವು ನೋಡಿದ್ದು ಎಷ್ಟು ಗಂಟೆಗಮ್ಮಾ?’ ಹೆಪ್ಪು ಕರಗಿಸುವ ಇಂಜೆಕ್ಷನ್ನು ನಾಲ್ಕೂವರೆ ಗಂಟೆಯೊಳಗೆ ಹೋಗಬೇಕಂತೆ. ನನಗೆ ತಲೆಯೇ ಓಡಲಿಲ್ಲ. ಕ್ಯಾಮೆರಾ ಇನ್ನೂ ಕತ್ತಿನಲ್ಲೇ ಇತ್ತು. ಬೆಳಗ್ಗೆ ತೆಗೆದ ಮೊದಲ ಫೋಟೊದ ಟೈಮ್ ನೋಡಿದೆ. ಆರು ಗಂಟೆ ನಾಲ್ಕು ನಿಮಿಷ. ಕಾಫಿ ಕೊಟ್ಟು ಹೊರಟಿದ್ದು ಅದಕ್ಕೆ ಹತ್ತು ನಿಮಿಷ ಮುಂಚೆ. ಲೆಕ್ಕ ಹಾಕಿ ಇಂಜೆಕ್ಷನ್ ಕೊಟ್ಟರು.

ಐಸಿಯು ಹೊರಗೆ ಕೂತು ನಮ್ಮೂರ ಮಾರಮ್ಮನಿಗೆ ಹರಕೆ ಹೊತ್ತೆ. ಬರೋ ಯುಗಾದಿ ಚಂದ್ರನ್ನ ಇವರು ನಿಂತು ನೋಡಲಿ ತಾಯಿ, ತಂಬಿಟ್ಟಿನ ಆರತಿ ತರ್ತೀನಿ. ಕ್ಯಾಮೆರಾ ಮುಟ್ಟಬೇಡ ಅಂತ ಅಮ್ಮನೂ ಹೇಳಲಿಲ್ಲ, ಇವರೂ ಹೇಳಲಿಲ್ಲ. ನಾನೇ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಮಳೆಗಾಲದಲ್ಲಿ ಒಳಗೇ ಕೂತು ಲೆನ್ಸಿಗೆ ಬೂಷ್ಟು ಹಿಡಿಯಿತು.

ಹಳೇ ಫೋಟೊಗಳು ಮಾತ್ರ ಕೆಲಸಕ್ಕೆ ಬಂದವು. ಮಾತು ಕಲಿಸುವವರು ಚಿತ್ರ ತೋರಿಸಿ ಹೆಸರು ಹೇಳಿಸಿ ಅಂದಿದ್ದರು. ಅವರು ಕೊಟ್ಟ ಪುಸ್ತಕದಲ್ಲಿ ಹಡಗು, ಜಿರಾಫೆ. ಇವರು ಹುಟ್ಟಿದಾಗಿನಿಂದ ಜಿರಾಫೆ ಜೊತೆ ಮಾತಾಡಿದವರಲ್ಲ! ನನ್ನ ಫೋಟೊಗಳನ್ನೇ ಪ್ರಿಂಟ್ ಹಾಕಿಸಿದೆ. ದಿನಾ ಬೆಳಗ್ಗೆ ಕೈ ಬೆರಳು ಒಂದೊಂದೇ ಬಿಡಿಸುತ್ತಾ ‘ಇದೇನು ರೀ?’ ಅಂತ ಕೇಳುವುದು. ಎತ್ತು ಎರಡನೇ ವಾರ ಬಂತು. ನೇಗಿಲು ಗಣೇಶನ ಹಬ್ಬದ ಹೊತ್ತಿಗೆ. ಬೇವಿನ ಹೂ ತೋರಿಸಿದರೆ ಇವತ್ತಿಗೂ ‘ಬೆಲ್ಲ’ ಅನ್ನುತ್ತಾರೆ. ತಿದ್ದುವುದು ಬಿಟ್ಟಿದ್ದೇನೆ.

ಯುಗಾದಿಯ ಮಾರನೇ ದಿನ ಹೊಸತೊಡಕು, ಮನೆತುಂಬ ಮಟನ್ ಸಾರಿನ ವಾಸನೆ. ಇವರಿಗೆ ಉಪ್ಪು ಕಮ್ಮಿ ಹಾಕಿದ್ದು, ಎರಡೇ ತುಂಡು. ‘ಇಷ್ಟೇನಾ’ ಅನ್ನುವ ಹಾಗೆ ತಟ್ಟೆ ನೋಡಿದರು. ಮಧ್ಯಾಹ್ನ ಮಲಗಿ ಎದ್ದವರೇ ಎಡಗೈಯಲ್ಲಿ ಬೀರು ತೋರಿಸಿದರು. ಒಂದು ಸಲ ಅಲ್ಲ, ಮೂರು ಸಲ.

ಮನೆ ಪಡುವಣಕ್ಕೆ ನಾಲ್ಕಂತಸ್ತಿನ ಕಟ್ಟಡ ಎದ್ದಿದೆ. ಚಂದ್ರ ಬೇಕೆಂದರೆ ಕೆರೆ ಏರಿಗೇ ಹೋಗಬೇಕು. ಪಕ್ಕದ ಮನೆ ಹುಡುಗ ಆಟೋದಲ್ಲಿ ಕರೆದುಕೊಂಡು ಹೋದ. ಏರಿಯ ಮೇಲೆ ಆಗಲೇ ಜನ. ಚೌತಿ ಚಂದ್ರನನ್ನು ನೋಡಿ ಬಂದ ಅಪವಾದ ಯುಗಾದಿ ಚಂದ್ರನನ್ನು ನೋಡಿದರೆ ಕಳೆಯುತ್ತದೆ ಅಂತಾರಲ್ಲ. ನನ್ನ ಮೇಲೆ ಯಾರೂ ಅಪವಾದ ಹೊರಿಸಿರಲಿಲ್ಲ, ನಾನೇ ಹೊರಿಸಿಕೊಂಡಿದ್ದೆ. ಅಂಥದ್ದಕ್ಕೂ ಈ ಚಂದ್ರ ಆಗುತ್ತದೋ ಏನೋ.

ಹೊತ್ತು ಮುಳುಗಿ ಸ್ವಲ್ಪ ಹೊತ್ತಿಗೆ ಒಂದು ಮಗು ಕೂಗಿತು. ಉಗುರಿನಷ್ಟೇ ಚಂದ್ರ, ಎರಡು ಕೊಂಬೂ ಮೇಲೆ ಮಾಡಿ ಅಂಗಾತ ಮಲಗಿದ್ದ. ಉಳಿದ ಭಾಗವೂ ಮಸುಕಾಗಿ, ಬೂದಿ ಬಳಿದ ಹಾಗೆ ಕಾಣುತ್ತಿತ್ತು. ಹಿರಿಯರೊಬ್ಬರು ‘ಕೊಂಬು ಸಮ ಐತೆ, ಮಳೆಗೆ ಮೋಸ ಇಲ್ಲ’ ಅಂದರು. ನಾನು ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಕೂರಿಸಿ ಅರ್ಧ ಸೆಕೆಂಡಿಗೆ ಇಟ್ಟೆ. ಆ ಬೂದಿ ಬಣ್ಣ ಬೇಕಾದರೆ ಅಷ್ಟಾದರೂ ಬೇಕು, ಅಷ್ಟು ಹೊತ್ತು ಏನೂ ಅಲ್ಲಾಡಬಾರದು. ಬಟನ್ ಒತ್ತುವುದಕ್ಕೂ ಪಕ್ಕದಲ್ಲಿ ವಾಕರ್ ಕಿರ್ ಅನ್ನುವುದಕ್ಕೂ ಸರಿಹೋಯಿತು. ಇವರು ಏಳುತ್ತಿದ್ದರು. ನನ್ನ ಮೊಣಕೈ ಸ್ಟ್ಯಾಂಡಿಗೆ ಬಡಿಯಿತು. ಇವರ ಸೊಂಟ ಹಿಡಿದುಕೊಂಡೆ. ನಿಂತರು. ಮೇಲೆ ನೋಡಿದರು. ತುಟಿ ಅಲ್ಲಾಡುತ್ತಿತ್ತು, ಏನು ಬೇಡಿದರೋ ಕೇಳಲಿಲ್ಲ.

ಚಂದ್ರನನ್ನು ನೋಡಿದ ಮೇಲೆ ಹಿರಿಯರ ಕಾಲು ಮುಟ್ಟುವುದು ಪದ್ಧತಿ. ಕೂರಿಸಿ ಬಗ್ಗಿದೆ. ತಲೆ ಮೇಲೆ ಕೈ ಬರಲಿಲ್ಲ. ಕತ್ತೆತ್ತಿ ನೋಡಿದರೆ, ಎಡಗೈಯಲ್ಲಿ ಬಲಗೈ ಮಣಿಕಟ್ಟು ಹಿಡಿದು ಎತ್ತುತ್ತಿದ್ದಾರೆ. ಎಡಗೈಯಲ್ಲಿ ಆಶೀರ್ವಾದ ಮಾಡಬಾರದಲ್ವಾ, ಅದಕ್ಕೆ. ಆ ಕೈ ಭಾರವಾಗಿ, ತಣ್ಣಗೆ ನನ್ನ ನೆತ್ತಿ ಮೇಲೆ ಬಂದು ಕೂತಿತು.

ಫೋಟೊ ಅಲ್ಲಾಡಿತ್ತು. ಚಂದ್ರ ಉದ್ದಕ್ಕೆ ಎಳೆದುಕೊಂಡು ಹೋಗಿದ್ದ. ಅಭ್ಯಾಸಬಲ, ಇವರ ಮುಂದೆ ಹಿಡಿದು ‘ಇದೇನು ರೀ?’ ಅಂದೆ. ತುಂಬಾ ಹೊತ್ತು ನೋಡಿದರು.

‘ದೋ... ದೋಣಿ.’

ಎಂಟಕ್ಕೆ ಬಿ.ಪಿ. ಮಾತ್ರೆ ಇತ್ತು, ಹೊರಟೆವು. ಮಂಗಳವಾರದ ತಂಬಿಟ್ಟಿಗೆ ಇನ್ನೂ ಅಕ್ಕಿ ನೆನೆಹಾಕಬೇಕು.