ಒತ್ತಡದ ನಕ್ಷೆಯಲ್ಲಿ ಕಾಣದ ಗಾಯ

ಮೊಣಕಾಲಿನ ಕೆಳಗೆ ಕಾಲು ಕಳೆದುಕೊಂಡವರಿಗೆ ಕೃತಕ ಕಾಲು ಕೂಡಿಸುವುದು ನನ್ನ ಕೆಲಸ. ಜನ ಮೊದಲು ಕೇಳುವುದು ಪಾದದ ಬಗ್ಗೆ. ನನ್ನ ಕಣ್ಣು ಮಾತ್ರ ಸಾಕೆಟ್ ಮೇಲೆ, ಅಂದರೆ ಉಳಿದ ಕಾಲು ಒಳಗಿಳಿಯುವ ಗಟ್ಟಿ ಕವಚದ ಮೇಲೆ. ಅಂಗಾಲಿನ ಚರ್ಮ ಭಾರ ಹೊರಲೆಂದೇ ದಪ್ಪವಾಗಿರುತ್ತದೆ. ಕಣಕಾಲಿನ, ಅಂದರೆ ಮೊಣಕಾಲಿಗೂ ಪಾದಕ್ಕೂ ನಡುವಿನ ಭಾಗದ ಚರ್ಮ ಹಾಗಲ್ಲ. ಆದರೂ ಇಡೀ ದೇಹದ ಭಾರವನ್ನು ಅದರ ಮೇಲೆಯೇ ಹೊರಿಸುತ್ತೇವೆ.

ಒಳಗಿನ ಒತ್ತಡ ಅಳೆಯಲು ತೆಳುವಾದ ಸೆನ್ಸರ್ ಹಾಳೆಗಳಿವೆ. ತೊಟ್ಟು ನಡೆದರೆ ಪರದೆಯ ಮೇಲೆ ಬಣ್ಣದ ನಕ್ಷೆ ಮೂಡುತ್ತದೆ. ಕೆಂಪೆಂದರೆ ಹೆಚ್ಚು, ನೀಲಿಯೆಂದರೆ ಕಡಿಮೆ.

ರೇಷ್ಮೆ ಸಾಕುವ ಒಬ್ಬ ತಾಯಿ ಉಳಿದ ಕಣಕಾಲ ಮೂಳೆಯ ಕೆಳತುದಿಯಲ್ಲಿ ಗಾಯ ಮಾಡಿಕೊಂಡು ಬಂದರು. ನಕ್ಷೆಯಲ್ಲಿ ಆ ಜಾಗ ನೀಲಿ. ಕೆಂಪಾಗಿದ್ದದ್ದು ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜು. ಅಲ್ಲಿ ಚರ್ಮಕ್ಕೆ ಏನೂ ಆಗಿರಲಿಲ್ಲ. ತರಬೇತಿಗೆ ಬಂದಿದ್ದ ಹುಡುಗ, ‘ಸರ್, ಕೆಂಪು ಇರುವ ಕಡೆ ಉಜ್ಜಿ ಸಡಿಲ ಮಾಡೋಣವೇ?’ ಎಂದ. ಬೇಡವೆಂದೆ. 1950ರ ದಶಕದಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ರೂಪುಗೊಂಡ ಈ ಬಗೆಯ ಸಾಕೆಟ್ ಆ ರಜ್ಜುವನ್ನು ಬೇಕೆಂದೇ ಒತ್ತುತ್ತದೆ, ಏಕೆಂದರೆ ಅದು ತಾಳಿಕೊಳ್ಳುತ್ತದೆ. ಅಲ್ಲಿ ಸಡಿಲ ಮಾಡಿದರೆ ಕಾಲು ಇನ್ನೂ ಕೆಳಗಿಳಿದು ಗಾಯದ ಮೇಲೆಯೇ ಕೂರುತ್ತದೆ.

‘ಹೇಗೆ ನೋಯುತ್ತದಮ್ಮ?’ ಎಂದು ಕೇಳಿದೆ. ‘ಒತ್ತಿದ ಹಾಗಲ್ಲ ಸರ್, ಒದ್ದೆ ಬಟ್ಟೆ ಹಿಂಡಿದ ಹಾಗೆ. ಬೆಳಿಗ್ಗೆ ಇರುವುದಿಲ್ಲ. ಮಧ್ಯಾಹ್ನ ಸೊಪ್ಪು ಕೊಯ್ಯುವಾಗ ಶುರುವಾಗುತ್ತದೆ’ ಎಂದರು.

ನಮಗೆ ಬೇಕಾದ ಅಳತೆ ಆ ಮಾತಿನಲ್ಲೇ ಇತ್ತು. ಹಾಳೆ ನೇರವಾಗಿ ಒತ್ತುವ ಬಲವನ್ನಷ್ಟೇ ಅಳೆಯುತ್ತದೆ. ಚರ್ಮವನ್ನು ಅದರ ಮೇಲ್ಮೈಯುದ್ದಕ್ಕೂ ಎಳೆಯುವ ಬಲ, ನಾವು ಶಿಯರ್ ಎನ್ನುವುದು, ಅದಕ್ಕೆ ಕಾಣುವುದೇ ಇಲ್ಲ. ಶಿಯರ್ ಸಾಕಷ್ಟಿದ್ದರೆ ರಕ್ತದ ಹರಿವನ್ನು ನಿಲ್ಲಿಸಲು ಸುಮಾರು ಅರ್ಧದಷ್ಟು ಒತ್ತಡವೇ ಸಾಕು ಎಂದು 1979ರಲ್ಲಿ ಬೆನೆಟ್ ಮತ್ತು ಸಂಗಡಿಗರು ತೋರಿಸಿದ್ದಾರೆ. ಎರಡೂ ಬಲಗಳನ್ನು ಅಳೆಯುವುದು ಸಾಧ್ಯ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಜೋನ್ ಸ್ಯಾಂಡರ್ಸ್ ಅದನ್ನು ಮಾಡಿದ್ದಾರೆ. ಆದರೆ ಅದಕ್ಕೆ ಅವರು ಸಾಕೆಟ್ಟಿನ ಗೋಡೆ ಕೊರೆದು ಸಂವೇದಕ ಕೂರಿಸಿದ್ದರು. ದಿನವೂ ತೊಡುವ ಕಾಲಿನಲ್ಲಿ ಅದು ಆಗದ ಮಾತು.

ಆ ತಾಯಿಯನ್ನು ಮಧ್ಯಾಹ್ನದವರೆಗೆ ಇರಿಸಿಕೊಂಡು ಇಳಿಜಾರಿನಲ್ಲಿ ನಡೆಸಿದೆವು. ಸಾಕೆಟ್ಟಿನ ಅಂಚಿಗೆ ಸರಿಯಾಗಿ ಕಾಲುಚೀಲದ ಮೇಲೆ ಪೆನ್ನಿನಿಂದ ಗೆರೆ ಎಳೆದಿದ್ದೆವು. ಕಾಲೆತ್ತಿದಾಗ ಗೆರೆ ಬೆರಳಗಲ ಮೇಲೆ ಬಂತು, ಊರಿದಾಗ ಒಳಗೆ ಮರೆಯಾಯಿತು. ದಿನವೇರಿದಂತೆ ದ್ರವ ಹಿಂಡಿಹೋಗಿ ಕಾಲು ಸಣ್ಣದಾಗುತ್ತದೆ, ಸಾಕೆಟ್ಟನ್ನು ಕಾಲಿಗೆ ಬಿಗಿದಿಡುವ ಪಟ್ಟಿ ಸಡಿಲವಾಗುತ್ತದೆ, ಹೆಜ್ಜೆಹೆಜ್ಜೆಗೂ ಕಾಲು ಒಳಗೆ ಮೇಲೆಕೆಳಗೆ ಆಡುತ್ತದೆ. ಬೆವರಿದ ಚರ್ಮ ಇನ್ನಷ್ಟು ಹಿಡಿಯುತ್ತದೆ. ಬೆಳಗಿನ ನಕ್ಷೆಗೆ ಇದು ಯಾವುದೂ ಗೊತ್ತಿರಲಿಲ್ಲ.

ಪಟ್ಟಿ ಸರಿಪಡಿಸಿದೆವು, ಮಧ್ಯಾಹ್ನ ಇನ್ನೊಂದು ಕಾಲುಚೀಲ ಸೇರಿಸಲು ಹೇಳಿದೆವು, ಗಾಯ ಮಾಗಿದ ಮೇಲೆ ಚರ್ಮಕ್ಕೆ ತಾಗುವಂತೆ ತೆಳು ನೈಲಾನ್ ಚೀಲ ಕೊಟ್ಟೆವು. ಜಾರುವುದಿದ್ದರೆ ಎರಡು ಬಟ್ಟೆಗಳ ನಡುವೆ ಜಾರಲಿ ಎಂಬುದು ಲೆಕ್ಕ. ಹಾಂಗ್‌ಕಾಂಗ್‌ನ ಜಾಂಗ್ ಮತ್ತು ಮಾಕ್ 1999ರಲ್ಲಿ ಪ್ರಕಟಿಸಿದ ಅಳತೆಗಳಲ್ಲಿ ಚರ್ಮದೊಂದಿಗೆ ಸಿಲಿಕೋನ್‌ನ ಘರ್ಷಣಾಂಕ, ಅಂದರೆ ಜಾರದೆ ಹಿಡಿಯುವ ಗುಣದ ಅಳತೆ, ಸರಾಸರಿ 0.61, ನೈಲಾನ್‌ನದು 0.37.

ಹಾಗೆಂದು ಎಲ್ಲವನ್ನೂ ನುಣುಪು ಮಾಡುವುದು ನನಗೆ ಒಪ್ಪಿಗೆಯಿಲ್ಲ. ಭಾರದ ಒಂದು ಪಾಲನ್ನು ಘರ್ಷಣೆಯೇ ಹೊತ್ತಿರುತ್ತದೆ. ಅದನ್ನು ತೆಗೆದರೆ ಆ ಪಾಲು ನೇರ ಒತ್ತಡವಾಗಿ ಮೂಳೆಯ ತುದಿಗೆ ಬೀಳಬಹುದು. ಸಾಕೆಟ್ಟಿನೊಳಗೆ ಚರ್ಮಕ್ಕೆ ಅಂಟಿದಂತೆ ತೊಡುವ ಮೆತ್ತನೆಯ ಸಿಲಿಕೋನ್ ಲೈನರ್ ಚರ್ಮವನ್ನು ಗಟ್ಟಿಯಾಗಿ ಹಿಡಿದೇ ಕೆಲಸ ಮಾಡುತ್ತದೆ. ಅಲ್ಲಿ ಹಿಡಿತವೇ ರಕ್ಷಣೆ.

ನನಗೆ ಹೆಚ್ಚು ಚಿಂತೆಯಾಗುವುದು ಸಕ್ಕರೆ ಕಾಯಿಲೆಯಿಂದ ಕಾಲು ಕಳೆದುಕೊಂಡವರದು. ಅವರಲ್ಲಿ ಎಷ್ಟೋ ಮಂದಿಗೆ ಸ್ಪರ್ಶವೇ ಮಂದ. ಹೇಗೆ ನೋಯುತ್ತದೆ ಎಂದು ಕೇಳಿ ಪ್ರಯೋಜನವಿಲ್ಲ. ಅವರಿಗೆ ಪೆನ್ನಿನ ಗೆರೆಯನ್ನು ತಪ್ಪದೆ ಎಳೆಯುತ್ತೇನೆ. ಕಾಲು ಕಳಚಿ ಹತ್ತು ನಿಮಿಷವಾದರೂ ಚರ್ಮದ ಕೆಂಪು ಆರದಿದ್ದರೆ ಅಂದು ಮತ್ತೆ ತೊಡಿಸಬೇಡಿ, ಕರೆದುಕೊಂಡು ಬನ್ನಿ ಎಂದು ಮನೆಯವರಿಗೆ ಹೇಳಿ ಕಳಿಸುತ್ತೇನೆ.